ಗಾಣದ ಶೇಂಗಾ ಹಿಂಡಿಯನ್ನು ಮಕ್ಕಳ ಹಿಟ್ಟಿಗೆ ಸೇರಿಸಬಹುದಾ?

ಗಾಣದ ಮನೆ ಸೊಸೆ (ಚಳ್ಳಕೆರೆ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ವರ್ಷದಿಂದ ಮರದ ಗಾಣ ಹಾಕಿಕೊಂಡಿದ್ದೇವೆ. ಎತ್ತಿನದಲ್ಲ, ಮೋಟಾರಿನದು. ಕೊಬ್ಬರಿ, ಎಳ್ಳು, ಕುಸುಬೆ ಎಲ್ಲಾ ಆಡಿಸುತ್ತೇವೆ. ಆದರೆ ನಮ್ಮ ಸೀಮೆ ಗೊತ್ತಲ್ಲ, ಮುಕ್ಕಾಲು ಪಾಲು ಶೇಂಗಾನೇ.

ಒಂದು ಸಲಕ್ಕೆ 12 ಕೆಜಿ ಬೀಜ ಹಿಡಿಯುತ್ತದೆ. ಮುಕ್ಕಾಲು ಗಂಟೆ ತಿರುಗಿದರೆ ಹೆಚ್ಚುಕಮ್ಮಿ 5 ಲೀಟರ್ ಎಣ್ಣೆ, 7 ಕೆಜಿ ಹಿಂಡಿ. ಎಣ್ಣೆ ಕೇಳಿಕೊಂಡು ಬೆಂಗಳೂರಿನಿಂದಲೂ ಫೋನ್ ಬರುತ್ತದೆ. ಹಿಂಡಿಯನ್ನು ಮಾತ್ರ ಚೀಲಕ್ಕೆ ತುಂಬಿ ಮೂಲೆಗೆ ಇಡುತ್ತೇವೆ. ಹಸು ಕಟ್ಟಿದವರು ಬಂದು ಒಯ್ಯುತ್ತಾರೆ. ಮಳೆಗಾಲದಲ್ಲಿ ಯಾರೂ ಬರದಿದ್ದರೆ ಅಲ್ಲೇ ಬೂಷ್ಟು ಹಿಡಿದು ತಿಪ್ಪೆಗೆ ಹೋಗಿದ್ದೂ ಇದೆ.

ಗಾಣದಿಂದ ಆಗಷ್ಟೇ ಎಬ್ಬಿಸಿದ ಹಿಂಡಿ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಬೆಚ್ಚಗೆ ಇರುತ್ತದೆ, ಹಪ್ಪಳದ ಥರ ತೆಳ್ಳಗೆ ಬಾಗಿದ ಚೂರುಗಳು, ಹೊರಗಡೆ ನುಣುಪು, ಒಳಗಡೆ ತರಿತರಿ. ಪರಿಮಳ ಹುರಿದ ಶೇಂಗಾದಂತೆಯೇ. ನನ್ನ ಮಗಳಿಗೆ ಏಳು ವರ್ಷ. ಸ್ಕೂಲಿಂದ ಬಂದವಳೇ ಒಂದು ಚೂರು ಮುರಿದು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ನಮ್ಮ ಅತ್ತೆ ಬೈಯುವುದಿಲ್ಲ. ಅವರು ಚಿಕ್ಕವರಿದ್ದಾಗ ಬರ ಬಿದ್ದ ವರ್ಷಗಳಲ್ಲಿ ಹಿಂಡಿ ಬೆಲ್ಲವೇ ಮಧ್ಯಾಹ್ನದ ಊಟ ಆಗಿತ್ತಂತೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸ್ತ್ರೀಶಕ್ತಿ ಸಂಘದವರು ರಾಗಿ ಹುರಿಹಿಟ್ಟು ಮಾಡಿ ಮಾರುತ್ತೇವೆ. ಅದಕ್ಕೆ ಈ ಹಿಂಡಿಯನ್ನು ಪುಡಿ ಮಾಡಿ ಸೇರಿಸಿದರೆ ಹೇಗೆ ಅಂತ ಯೋಚನೆ ಬಂದಿದೆ. ಪ್ರೋಟೀನ್ ಪೌಡರ್ ಡಬ್ಬಕ್ಕೆ ಸಾವಿರಾರು ರೂಪಾಯಿ ಕೊಡುವ ಕಾಲ ಇದು. ನಮ್ಮ ಮೂಲೆಯಲ್ಲಿ ಕೊಳೆಯುತ್ತಿರುವುದರಲ್ಲಿ ಎಷ್ಟು ಪ್ರೋಟೀನ್ ಇದೆ? ಮಕ್ಕಳಿಗೆ ಕೊಡಬಹುದಾ? ಇದಕ್ಕೆ ಕಬ್ಬಿಣಾಂಶ, ವಿಟಮಿನ್ ಸೇರಿಸಿ ಮಾಡುತ್ತಾರಲ್ಲ, ಹಾಗೆ ನಾವೇ ಮಾಡಬಹುದಾ? ಗೊತ್ತಿರುವವರು ಬಿಡಿಸಿ ಹೇಳಿ.

---

ಮೈಸೂರು ತಾತ

ಅಮ್ಮಾ, ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷ ಆಯಿತು. ನಾನು ಆಹಾರ ತಂತ್ರಜ್ಞಾನ ಓದಿದವನು. 30 ವರ್ಷ ಬಿಸ್ಕತ್ತು ಮತ್ತು ಮಕ್ಕಳ ಆಹಾರದ ಕಾರ್ಖಾನೆಗಳಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ.

ಮೊದಲು ಲೆಕ್ಕ. ಶೇಂಗಾ ಬೀಜದಲ್ಲಿ ನೂರಕ್ಕೆ 25ರಷ್ಟು ಪ್ರೋಟೀನ್ ಇರುತ್ತದೆ. ನಿಮ್ಮ 12 ಕೆಜಿಯಲ್ಲಿ 3 ಕೆಜಿ ಅಂತ ಇಟ್ಟುಕೊಳ್ಳಿ. ಎಣ್ಣೆಯ ಜೊತೆ ಪ್ರೋಟೀನ್ ಹೋಗುವುದಿಲ್ಲ. ಅಷ್ಟೂ ಆ 7 ಕೆಜಿ ಹಿಂಡಿಯಲ್ಲೇ ಕೂತಿರುತ್ತದೆ. ಅಂದರೆ ನೂರಕ್ಕೆ 40ರ ಮೇಲೆ. ತೊಗರಿಬೇಳೆಯಲ್ಲಿ ಇರುವುದರ ಸುಮಾರು ಎರಡರಷ್ಟು!

ನಿಮಗೆ ಬಂದ ಯೋಚನೆ ಹೊಸದಲ್ಲ, ಅದಕ್ಕೆ ನಮ್ಮ ಮೈಸೂರಿನಲ್ಲೇ ಬೇರಿದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಶುರುವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರು. ದೇಶಕ್ಕೆ ಊಟ ಸಾಲದ ಕಾಲ ಅದು. ಹಾಲಿಲ್ಲ, ಬೇಳೆ ಸಾಲದು, ಆದರೆ ಎಣ್ಣೆ ಗಿರಣಿಗಳಲ್ಲಿ ಶೇಂಗಾ ಹಿಂಡಿ ರಾಶಿ ರಾಶಿ. ಅಲ್ಲಿನವರು ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು ಬೆರೆಸಿದರು. ಅದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಸೇರಿಸಿದರು. ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂದು ಹೆಸರಿಟ್ಟರು. ಆಮೇಲೆ ಶೇಂಗಾ ಪ್ರೋಟೀನನ್ನು ಬೇರ್ಪಡಿಸಿ ಹಾಲಿಗೆ ಬೆರೆಸಿ ‘ಮಿಲ್ಟೋನ್’ ಅಂತ ಮಾಡಿದರು. ಇದ್ದ ಹಾಲನ್ನೇ ಇನ್ನಷ್ಟು ಜನಕ್ಕೆ ಮುಟ್ಟಿಸುವ ಉಪಾಯ ಅದು.

ಆ 25 ಪಾಲು ಕಡಲೆ ಯಾಕೆ ಅಂತ ತಿಳಿದುಕೊಳ್ಳಿ. ಪ್ರೋಟೀನ್ ಮೈಗೆ ಪೂರ್ತಿ ಹತ್ತಬೇಕಾದರೆ ಅದರಲ್ಲಿ ಇರಲೇಬೇಕಾದ ಕೆಲವು ಅಂಶಗಳಿವೆ, ಅದರಲ್ಲಿ ಲೈಸಿನ್ ಎಂಬುದು ಶೇಂಗಾ ಪ್ರೋಟೀನಿನಲ್ಲಿ ಕಮ್ಮಿ. ರಾಗಿಯಲ್ಲೂ ಕಮ್ಮಿ. ಇಬ್ಬರು ಬಡವರು ಸೇರಿ ಒಬ್ಬರ ಸಾಲ ಇನ್ನೊಬ್ಬರು ತೀರಿಸಲು ಆಗುವುದಿಲ್ಲ ಅಲ್ವಾ? ಕಡಲೆಯಲ್ಲಿ ಲೈಸಿನ್ ಚೆನ್ನಾಗಿದೆ. ಆದ್ದರಿಂದ ನಿಮ್ಮ ಹಿಟ್ಟಿಗೆ ಹುರಿಗಡಲೆ ಬೇಕೇ ಬೇಕು. ಶೇಂಗಾದಲ್ಲಿ ಅಂಥದ್ದೇ ಇನ್ನೊಂದು ಅಂಶ ಮೆಥಿಯೋನಿನ್ ಕೂಡ ಕಮ್ಮಿ. ಅದು ರಾಗಿಯಲ್ಲಿ ಮತ್ತು ಎಳ್ಳಿನಲ್ಲಿ ಇದೆ. ಎಳ್ಳು ನಿಮ್ಮ ಗಾಣದಲ್ಲೇ ಇದೆ.

100 ಗ್ರಾಂ ರಾಗಿ ಹಿಟ್ಟಿನಲ್ಲಿ 7 ಗ್ರಾಂ ಪ್ರೋಟೀನ್. ಅದರಲ್ಲಿ 20 ಗ್ರಾಂ ತೆಗೆದು ಹಿಂಡಿ ಪುಡಿ ಹಾಕಿದರೆ 13 ಗ್ರಾಂ ದಾಟುತ್ತದೆ. ರುಚಿಯೂ ಕೆಡುವುದಿಲ್ಲ.

ಇಷ್ಟು ಒಳ್ಳೆಯ ಸುದ್ದಿ. ಇನ್ನು ನಾನು ಹೇಳಲೇಬೇಕಾದ ಮಾತು. ದಯವಿಟ್ಟು ಇದನ್ನು ಎರಡು ಸಲ ಓದಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿತ್ತು. ಅದು ಬಿಡುವ ವಿಷಕ್ಕೇ ಅಫ್ಲಟಾಕ್ಸಿನ್ ಅಂತ ಹೆಸರು ಬಂತು. ಅದು ಲಿವರ್ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಹುರಿದರೆ ಪೂರ್ತಿ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಇನ್ನೊಂದು ಸಂಗತಿ ಏನೆಂದರೆ, ಗಾಣ ಆಡಿಸಿದಾಗ ಈ ವಿಷ ಎಣ್ಣೆಗೆ ಸ್ವಲ್ಪ ಹೋಗುತ್ತದೆ, ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಪ್ರೋಟೀನ್ ಎಲ್ಲಿ ಉಳಿಯಿತೋ ವಿಷವೂ ಅಲ್ಲೇ.

ಬೂಷ್ಟು ಕಣ್ಣಿಗೆ ಕಾಣುವ ಹೊತ್ತಿಗೆ ತಡ ಆಗಿರುತ್ತದೆ. ನಿಮ್ಮ ಕಡೆ ಕಾಯಿ ಬಲಿಯುವ ಸಮಯಕ್ಕೆ ಮಳೆ ಕೈಕೊಡುತ್ತದೆ. ಒಣಗಿ ಬಿರಿದ ನೆಲದಲ್ಲಿ ಗಿಡ ಬಾಡಿದಾಗ, ಕಾಯಿ ಇನ್ನೂ ಮಣ್ಣೊಳಗೆ ಇರುವಾಗಲೇ ಈ ಬೂಷ್ಟು ಒಳಗೆ ನುಗ್ಗುತ್ತದೆ. ಕಿತ್ತ ಮೇಲೆ ಮಳೆ ಹೊಡೆದರೆ ಇನ್ನಷ್ಟು.

ಹಾಗಾಗಿ ಹಿಂಡಿ ಬಂದ ಮೇಲೆ ಅದನ್ನು ಶುದ್ಧ ಮಾಡಲು ಹೊರಡಬೇಡಿ, ಆಗುವುದಿಲ್ಲ. ಕೆಲಸ ಶುರುವಾಗಬೇಕಾದ್ದು ಬೀಜ ಆರಿಸುವಲ್ಲಿ. ಸುರುಟಿದ್ದು, ಬಣ್ಣ ತಿರುಗಿದ್ದು, ಹುಳ ಕೊರೆದದ್ದು, ಮೊಳಕೆ ಒಡೆದದ್ದು, ಒಡಕು ಬೀಜ ಇಷ್ಟನ್ನೂ ಕೈಯಲ್ಲಿ ಆರಿಸಿ ತೆಗೆಯಬೇಕು. ವಿಷ ಬಹುಮಟ್ಟಿಗೆ ಆ ಕೆಲವೇ ಬೀಜಗಳಲ್ಲಿ ಇರುತ್ತದೆ. ನೂರರಲ್ಲಿ ಒಂದು ಬೀಜ ಕೆಟ್ಟಿದ್ದರೂ ಸಾಕು, ಇಡೀ ಹಿಂಡಿ ಕೆಟ್ಟ ಹಾಗೆ.

ಒಂದು ಪ್ರಶ್ನೆ. ಗಾಣಕ್ಕೆ ನೀರು ಚಿಮುಕಿಸುತ್ತೀರಾ? ಎಣ್ಣೆ ತೆಗೆದ ಮೇಲೆ ಹಿಂಡಿ ಎಷ್ಟು ದಿನ ಚೀಲದಲ್ಲಿ ಇರುತ್ತದೆ?

---

ಗಾಣದ ಮನೆ ಸೊಸೆ

ತಾತಾ, ನಿಮಗೆ ದೊಡ್ಡ ನಮಸ್ಕಾರ. ಓದುತ್ತಾ ಕೈಕಾಲು ತಣ್ಣಗಾಯಿತು. ಮಗಳು ಹಿಂಡಿ ತಿನ್ನುವುದನ್ನು ನಿನ್ನೆಯಿಂದಲೇ ನಿಲ್ಲಿಸಿದ್ದೇನೆ.

ಹೌದು, ಎಣ್ಣೆ ಚೆನ್ನಾಗಿ ಬಿಡಲಿ ಅಂತ ಸ್ವಲ್ಪ ನೀರು ಚಿಮುಕಿಸುತ್ತೇವೆ. ಹಿಂಡಿ ಚೀಲದಲ್ಲಿ ಒಮ್ಮೊಮ್ಮೆ ಹತ್ತು ಹದಿನೈದು ದಿನ ಇರುತ್ತದೆ. ಬೀಜವನ್ನು ಮಂಡಿಯಿಂದ ತರುತ್ತೇವೆ. ಕಲ್ಲು, ಕಡ್ಡಿ ಜರಡಿ ಹಿಡಿದು ತೆಗೆಯುತ್ತೇವೆ, ಒಂದೊಂದೇ ಬೀಜ ನೋಡಿ ಆರಿಸಿದ್ದು ಇಲ್ಲ.

ಇವತ್ತು ಒಂದು ಮೊರ ಬೀಜ ಹಾಕಿಕೊಂಡು ಅತ್ತೆ, ನಾನು ಇಬ್ಬರೂ ಪಡಸಾಲೆಯ ಬೆಳಕಿಗೆ ಕೂತೆವು. ದೂರದಿಂದ ಎಲ್ಲಾ ಒಂದೇ ಬಣ್ಣ. ಹತ್ತಿರ ಹಿಡಿದಾಗ ಕೆಲವು ಬೀಜದ ಮೇಲಿನ ಕೆಂಪು ಸಿಪ್ಪೆ ಮಂಕಾಗಿ ಕಂದು ತಿರುಗಿತ್ತು. ಹಾಗೆ ಅನುಮಾನ ಬಂದ ಒಂದನ್ನು ಉಗುರಿನಿಂದ ಸೀಳಿದೆ. ಎರಡು ಬೇಳೆಯ ನಡುವಿನ ಟೊಳ್ಳಿನಲ್ಲಿ ಹಸಿರು ಮಿಶ್ರಿತ ಹಳದಿ ಧೂಳು ಇತ್ತು. ಹೊರಗಡೆಯಿಂದ ಅಷ್ಟೇನೂ ಕಾಣುತ್ತಿರಲಿಲ್ಲ. ಅತ್ತೆ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ನೋಡಿದರು.

---

ಹಿರಿಯೂರು ಹೈನುಗಾರ

ಅಕ್ಕಾ, ನಾನು ಐದು ಹಸು ಕಟ್ಟಿದ್ದೇನೆ. ಹಿಂಡಿಯನ್ನೆಲ್ಲ ಮನುಷ್ಯರೇ ತಿಂದರೆ ನಮ್ಮ ಗತಿ ಏನು ಅಂತ ಬರೆಯಲು ಕೂತಿದ್ದೆ. ತಾತ ಬರೆದದ್ದು ಓದಿದ ಮೇಲೆ ಬೇರೆಯೇ ಮಾತು ಹೇಳಬೇಕು ಅನ್ನಿಸಿತು.

ಹೋದ ವರ್ಷ ಮಳೆಗಾಲದಲ್ಲಿ ಒಂದು ಅಂಗಡಿಯಿಂದ ನಾಲ್ಕು ಚೀಲ ಹಿಂಡಿ ತಂದೆ. ಮುಗ್ಗಲು ವಾಸನೆ ಇತ್ತು. ಬಿಸಿಲಿಗೆ ಹಾಕಿದರೆ ಸರಿ ಹೋಗುತ್ತದೆ ಅಂದುಕೊಂಡು ಹಾಕಿದೆ. ಹಸು ಮೇವು ಬಿಟ್ಟವು, ಹಾಲು ಇಳಿಯಿತು. ಪಶುವೈದ್ಯರು ಬಂದು ಮೊದಲು ಕೇಳಿದ್ದೇ ಹಿಂಡಿ ತೋರಿಸು ಅಂತ. ಕೆಟ್ಟ ಹಿಂಡಿ ತಿಂದ ಹಸುವಿನ ಹಾಲಿನಲ್ಲೂ ಆ ವಿಷ ಇಳಿಯುತ್ತದೆ ಅಂತ ಅವರೇ ಹೇಳಿದರು. ಅಫ್ಲಟಾಕ್ಸಿನ್ ಎಂ1 ಅಂತಾರಂತೆ ಅದಕ್ಕೆ. ಹಾಲಿಗೆ ಕಿಲೋಗೆ 0.5 ಮೈಕ್ರೋಗ್ರಾಂ ಮಿತಿ ಇದೆ. ಅಂದರೆ ದನಕ್ಕೆ ಹಾಕಿದರೂ ಅದು ತಿರುಗಿ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ.

ನೀವು ಬೀಜ ಆರಿಸಿ ಹಿಂಡಿ ಮಾಡಿದರೆ ಕೆಜಿಗೆ ಐದಾರು ರೂಪಾಯಿ ಜಾಸ್ತಿ ಕೊಟ್ಟು ನಾನೇ ಒಯ್ಯುತ್ತೇನೆ. ಇದು ಮನಸ್ಸಿನಿಂದ ಹೇಳುತ್ತಿರುವ ಮಾತು.

---

ಗದಗಿನ ರೊಟ್ಟಿ ಮನೆ

ನಮ್ಮ ಕಡೆ ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ! ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಊಟವೇ ಇಲ್ಲ. ತಲೆಬರಹ ನೋಡಿ ಮಕ್ಕಳ ಹಿಟ್ಟಿಗೆ ಖಾರದ ಪುಡಿ ಯಾಕೆ ಹಾಕುತ್ತಾರೆ ಅಂತ ಗಾಬರಿಯಾದೆ.

ಆರೋಗ್ಯದ ಮಾತು ತಾತ ಹೇಳಿದ್ದಾರೆ. ಅಡಿಗೆಯ ಮಾತು ನಾನು ಹೇಳುತ್ತೇನೆ. ನಮ್ಮ ಪರಿಚಯದ ಗಾಣದವರು ಮನೆ ಬಳಕೆಗೆ ಅಂತ ಆರಿಸಿದ ಬೀಜ ಆಡಿಸುತ್ತಾರೆ. ಆ ಗಾಣದ ಹಿಂಡಿಯನ್ನು ನಾನು ಬಳಸುತ್ತೇನೆ. ಹಸಿಯಾಗಿ ಹಾಕಿದರೆ ಹಸಿ ಕಾಳಿನ ವಾಸನೆ ಬರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಬೇಕು. ಬಣ್ಣ ಒಂದು ಎಳೆ ತಿರುಗಿದ ಕೂಡಲೇ ಇಳಿಸಬೇಕು, ಇಲ್ಲಾಂದರೆ ಕಹಿ.

ಚಟ್ನಿಪುಡಿಗೆ ಬರೀ ಇದನ್ನೇ ಹಾಕಿದರೆ ಪುಡಿ ಒಣಒಣವಾಗಿ ಬಾಯಿಯ ಅಂಗುಳಕ್ಕೆ ಅಂಟುತ್ತದೆ. ಎಣ್ಣೆ ಹೋಗಿರುತ್ತದಲ್ಲ. ಅರ್ಧ ಇಡೀ ಶೇಂಗಾ, ಅರ್ಧ ಇದು ಹಾಕಿ ಕುಟ್ಟಿದರೆ ಸರಿ ಬರುತ್ತದೆ. ಎಣ್ಣೆಗಾಯಿ ಬದನೆಗೆ ತುಂಬುವ ಮಸಾಲೆಯಲ್ಲಿ ಮಾತ್ರ ಇದಕ್ಕೆ ಸಾಟಿ ಇಲ್ಲ, ಗೊಜ್ಜು ಗಟ್ಟಿಯಾಗಿ ಕೂರುತ್ತದೆ. ಚಪಾತಿಗೆ ಐದು ಬಟ್ಟಲು ಗೋಧಿ ಹಿಟ್ಟಿಗೆ ಒಂದು ಬಟ್ಟಲು. ರೊಟ್ಟಿಗೆ ಹಾಕಬೇಡಿ, ಬಡಿಯುವಾಗ ಅಂಚು ಬಿರಿಯುತ್ತದೆ.

---

ಅಂಗನವಾಡಿ ಟೀಚರ್, ತುಮಕೂರು ಜಿಲ್ಲೆ

ಒಂದೇ ಒಂದು ಮಾತು ಸೇರಿಸುತ್ತೇನೆ. ಕೆಲವು ಮಕ್ಕಳಿಗೆ ಶೇಂಗಾ ಆಗಿಬರುವುದಿಲ್ಲ. ತುಟಿ ಊದಿಕೊಂಡು, ಮೈ ಮೇಲೆ ದದ್ದು ಎದ್ದು, ಉಸಿರು ಕಟ್ಟಿದಂತಾದ ಮಗುವನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದೇನೆ. ಪೊಟ್ಟಣದ ಮೇಲೆ ಶೇಂಗಾ ಇದೆ ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದಲು ಬಾರದ ತಾಯಂದಿರಿಗಾಗಿ ಶೇಂಗಾ ಕಾಯಿಯ ಚಿತ್ರವನ್ನೂ ಹಾಕಿ. ಆರು ತಿಂಗಳಿಂದ ಮೇಲಿನ ಪುಟ್ಟ ಮಕ್ಕಳಿಗೆ ನಮ್ಮಲ್ಲಿ ‘ಪುಷ್ಟಿ’ ಎಂಬ ಪೌಷ್ಟಿಕ ಹಿಟ್ಟು ಕೊಡುತ್ತೇವೆ. ಅದರ ಬದಲು ನಿಮ್ಮ ಹಿಟ್ಟು ಕೊಡಿ ಅಂತ ಯಾರಿಗೂ ಹೇಳಬೇಡಿ. ದೊಡ್ಡ ಮಕ್ಕಳಿಂದ ಶುರು ಮಾಡಿ.

---

ಮೈಸೂರು ತಾತ

ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ. ಗದಗಿನ ತಾಯಿ ಹುರಿಯಬೇಕು ಅಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಸಿ ಶೇಂಗಾದಲ್ಲಿ ಪ್ರೋಟೀನ್ ಜೀರ್ಣ ಆಗದಂತೆ ತಡೆಯುವ ಒಂದು ಅಂಶ ಇರುತ್ತದೆ. ಬಿಸಿಗೆ ಅದು ಹೋಗುತ್ತದೆ. ಮರದ ಗಾಣದಲ್ಲಿ ಹೆಚ್ಚು ಬಿಸಿ ಏರುವುದಿಲ್ಲವಾದ್ದರಿಂದ ನಿಮ್ಮ ಹಿಂಡಿಯನ್ನು ಹುರಿಯಲೇಬೇಕು.

ಸೊಸೆ ಅಮ್ಮಾ, ನೀವು ಸೀಳಿ ನೋಡಿದ ಆ ಹಸಿರು ಧೂಳು ಇದೆಯಲ್ಲ, ನಾನು ಹೇಳುತ್ತಿರುವುದು ಅದನ್ನೇ. ಆ ಬೀಜಗಳನ್ನು ಮುಟ್ಟಿದ ಮೇಲೆ ಕೈ ತೊಳೆಯಿರಿ. ಧೂಳನ್ನು ಊದಬೇಡಿ.

ನೀರು ಚಿಮುಕಿಸಿದ ಹಿಂಡಿಯನ್ನು ಚೀಲಕ್ಕೆ ತುಂಬುವುದು ಬೂಷ್ಟನ್ನು ಮನೆಗೆ ಕರೆದ ಹಾಗೆ. ತಿನ್ನುವ ಹಿಂಡಿಯ ಸರದಿಗೆ ನೀರು ಬೇಡ. ಎಣ್ಣೆ ಸ್ವಲ್ಪ ಕಮ್ಮಿ ಬಂದರೆ ಬರಲಿ. ಬೀಜದ ತೇವ ನೂರಕ್ಕೆ 7-8ರ ಒಳಗೆ ಇರಬೇಕು. ಹಿಂಡಿ ಎಬ್ಬಿಸಿದ ದಿನವೇ ಮುರಿದು, ಹುರಿದು, ತಣ್ಣಗಾಗಿಸಿ, ಪುಡಿ ಮಾಡಿ ಗಾಳಿ ಆಡದ ಡಬ್ಬಕ್ಕೆ ಹಾಕಿ. ಗಾಣದ ಹಿಂಡಿಯಲ್ಲಿ ಎಣ್ಣೆ ಇನ್ನೂ ಸಾಕಷ್ಟು ಉಳಿದಿರುತ್ತದೆ. ತಿಂಗಳಾನುಗಟ್ಟಲೆ ಇಟ್ಟರೆ ಕಮಟುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿ, ಬೇಗ ಬೇಗ ಮಾರಿ.

ಪರೀಕ್ಷೆ ಮಾಡಿಸದೆ ಮಾರಬೇಡಿ. ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಯಾವುದಾದರೂ ಲ್ಯಾಬ್‌ಗೆ ಕಳಿಸಿ, ಅಫ್ಲಟಾಕ್ಸಿನ್ ನೋಡಿ ಅಂತ ಹೇಳಿ. ಸ್ಯಾಂಪಲ್ ತೆಗೆಯುವುದರಲ್ಲೇ ಬಹಳ ಜನ ಎಡವುತ್ತಾರೆ. ಚೀಲದ ಮೇಲಿನಿಂದ ಒಂದು ಹಿಡಿ ತೆಗೆದರೆ ಏನೂ ತಿಳಿಯುವುದಿಲ್ಲ. ವಿಷ ಒಂದೇ ಸಮ ಹರಡಿರುವುದಿಲ್ಲ. ಮೇಲೆ, ನಡುವೆ, ತಳದಲ್ಲಿ, ಬೇರೆ ಬೇರೆ ದಿನದ ಹಿಂಡಿಯಲ್ಲಿ, ಹೀಗೆ ಹತ್ತಿಪ್ಪತ್ತು ಕಡೆಯಿಂದ ತೆಗೆದು, ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿ ಚೆನ್ನಾಗಿ ಬೆರೆಸಿ, ಅದರಿಂದ ಕಳಿಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯೂ ಬೇಕು. ಎಣ್ಣೆಗೆ ಮಾಡಿಸಿದ್ದರೆ ಹಿಟ್ಟನ್ನೂ ಅದರಲ್ಲಿ ಸೇರಿಸಿ.

ಕಬ್ಬಿಣ, ವಿಟಮಿನ್ ಸೇರಿಸುವ ಬಗ್ಗೆ ಕೇಳಿದ್ದಿರಿ. ಬೇಡ ಅಮ್ಮಾ. ಒಂದು ಕ್ವಿಂಟಲ್ ಹಿಟ್ಟಿಗೆ ಕೆಲವೇ ಗ್ರಾಂ ಪುಡಿಯನ್ನು ಎಲ್ಲಾ ಕಡೆ ಒಂದೇ ಸಮ ಬೆರೆಸಬೇಕು. ಅದು ಕೈಯಲ್ಲಿ ಆಗುವ ಕೆಲಸ ಅಲ್ಲ. ಒಂದು ಪೊಟ್ಟಣಕ್ಕೆ ಏನೂ ಬರುವುದಿಲ್ಲ, ಇನ್ನೊಂದಕ್ಕೆ ಅತಿಯಾಗುತ್ತದೆ. ಅಷ್ಟೇ ಅಲ್ಲ, ಎಣ್ಣೆ ಉಳಿದ ಹಿಟ್ಟಿಗೆ ಕಬ್ಬಿಣ ಬಿದ್ದರೆ ಇನ್ನೂ ಬೇಗ ಕಮಟುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿ ಇದೆ, 100 ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿಯಿರಿ. ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕಮ್ಮಿ ಆಗುತ್ತದೆ. ಹಿಟ್ಟು ಕುಡಿದ ಮೇಲೆ ಒಂದು ಕಿತ್ತಳೆಯೋ ಸೀಬೆಯೋ ತಿನ್ನಲಿ. ಟೀ ಮಾತ್ರ ಬೇಡ.

---

ಗಾಣದ ಮನೆ ಸೊಸೆ

ತಿಂಗಳ ಮೇಲಾಯಿತು, ಉತ್ತರ ಬರೆಯುವುದು ತಡ ಆಯಿತು. ಕ್ಷಮಿಸಿ.

ತಾತ ಹೇಳಿದಂತೆ ಎರಡು ಸ್ಯಾಂಪಲ್ ಕಳಿಸಿದೆವು. ಒಂದು ನಾವು ಮೊದಲಿನಿಂದ ಮಾಡುತ್ತಿದ್ದ ಹಿಂಡಿ, ಜರಡಿ ಮಾತ್ರ ಹಿಡಿದದ್ದು. ಇನ್ನೊಂದು ಸಂಘದ ಆರು ಜನ ಕೂತು ಎರಡೆರಡು ಸಲ ಆರಿಸಿದ ಬೀಜದ್ದು, ನೀರು ಹಾಕದೆ ಆಡಿಸಿದ್ದು. ಮೊದಲನೆಯದು ಮಿತಿ ದಾಟಿದೆ. ಎರಡನೆಯದು ಮಿತಿಯೊಳಗೆ ಇದೆ. ಒಂದೇ ಮಂಡಿಯ ಒಂದೇ ಚೀಲದ ಬೀಜ ಎರಡೂ.

ರಿಪೋರ್ಟ್ ಬಂದ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮೊದಲಿನ ಥರದ ಹಿಂಡಿಯನ್ನೇ ಅಲ್ವಾ ನಾಲ್ಕು ವರ್ಷ ಊರಿನ ಹಸುಗಳಿಗೆ ಕೊಟ್ಟಿದ್ದು. ಮೂಲೆಯಲ್ಲಿದ್ದ ಮೂರು ಚೀಲವನ್ನು ನಮ್ಮ ಯಜಮಾನರು ಹೊಲದ ಬದುವಿನಲ್ಲಿ ಗುಂಡಿ ತೋಡಿ ಮುಚ್ಚಿದರು. ಈಗ ತಿನ್ನುವುದಕ್ಕೆ ಬೇರೆ, ದನಕ್ಕೆ ಬೇರೆ ಅಂತ ಇಟ್ಟಿಲ್ಲ. ಗಾಣಕ್ಕೆ ಹೋಗುವ ಬೀಜ ಎಲ್ಲವನ್ನೂ ಆರಿಸುತ್ತೇವೆ. 12 ಕೆಜಿಯಲ್ಲಿ ಅರ್ಧ ಕೆಜಿ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ಆರಿಸುವ ಕೂಲಿಯೂ ಸೇರಿ ಎಣ್ಣೆಯ ಬೆಲೆ ಏರಿಸಬೇಕಾಯಿತು. ಯಾಕೆ ಅಂತ ಕೇಳಿದವರಿಗೆ ಎರಡೂ ರಿಪೋರ್ಟ್ ಫೋಟೋ ಕಳಿಸಿದೆ. ಇಬ್ಬರು ಬಿಟ್ಟು ಹೋದರು, ಉಳಿದವರು ಇದ್ದಾರೆ.

ಹಿರಿಯೂರಿನ ಅಣ್ಣ, ನಿಮಗೆ ಎರಡು ಚೀಲ ತೆಗೆದಿಟ್ಟಿದ್ದೇನೆ. ಬೇಗ ಬಂದು ಒಯ್ಯಿರಿ.

ಹಿಟ್ಟಿನ ಅಳತೆ ಈಗ ಹೀಗಿದೆ: ಮೊಳಕೆ ರಾಗಿ 6 ಪಾಲು, ಹಿಂಡಿ ಪುಡಿ 2, ಹುರಿಗಡಲೆ ಒಂದೂವರೆ, ಎಳ್ಳು ಅರ್ಧ, ಪರಿಮಳಕ್ಕೆ ಏಲಕ್ಕಿ. ಸಂಘದವರ ಮನೆಗಳಲ್ಲಿ ಮಾತ್ರ ಕೊಟ್ಟು ನೋಡುತ್ತಿದ್ದೇವೆ, ಹೊರಗೆ ಇನ್ನೂ ಮಾರಿಲ್ಲ. ಮೂರನೇ ಸಲದ ರಿಪೋರ್ಟ್ ಬರಬೇಕು. ಮಗಳು ಬೆಲ್ಲ ಹಾಕಿದ ಗಂಜಿ ಕುಡಿಯುತ್ತಾಳೆ. ಆದರೆ ತಳದಲ್ಲಿ ತರಿ ಉಳಿಯುತ್ತದೆ, ಅದನ್ನು ಲೋಟದಲ್ಲೇ ಬಿಡುತ್ತಾಳೆ. ಗಿರಣಿಯಲ್ಲಿ ಹಿಂಡಿ ಬೀಸಿದರೆ ಎಣ್ಣೆ ಜಿಡ್ಡಿಗೆ ಕಲ್ಲು ಕಟ್ಟಿಕೊಳ್ಳುತ್ತದೆ ಅಂತ ಗಿರಣಿಯವರು ಬೇಡ ಅಂದರು. ಮಿಕ್ಸಿಯಲ್ಲಿ ಇಷ್ಟೇ ನುಣುಪು ಬರುತ್ತಿದೆ. ರಾಗಿಯ ಜೊತೆ ಬೆರೆಸಿ ಒಟ್ಟಿಗೆ ಬೀಸಿದರೆ ಕಲ್ಲು ಕಟ್ಟುವುದಿಲ್ಲವೇನೋ ಅಂತ ಅತ್ತೆ ಹೇಳುತ್ತಿದ್ದಾರೆ. ಯಾರಾದರೂ ಹಾಗೆ ಮಾಡಿ ನೋಡಿದ್ದೀರಾ?

ಗದಗಿನ ಅಕ್ಕಾ, ಎಣ್ಣೆಗಾಯಿ ಮಸಾಲೆಗೆ ಕಾಲು ಕೆಜಿ ಬದನೆಗೆ ಎಷ್ಟು ಚಮಚ ಅಂತ ಬರೆಯಿರಿ. ಭಾನುವಾರ ಮಾಡಬೇಕು ಅಂತ ಇದ್ದೇನೆ.